ಮಾರ್ಗದರ್ಶಕರ ಸಹಿ ಮತ್ತು ಕೃತಕ ಬುದ್ಧಿಮತ್ತೆ

ಕುಮಟಾ ತಾಲ್ಲೂಕಿನ ಕಾಗಾಲ, ಅಘನಾಶಿನಿ ನದಿಯ ಅಳಿವೆಗೆ ಸಮೀಪದ ಊರು. 2024ರಲ್ಲಿ ಈ ಅಳಿವೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಇಲ್ಲಿಯ ನೀರಿನ ಲವಣಾಂಶವನ್ನು ದಿನವೂ ಬೆಳಿಗ್ಗೆ 10 ಗಂಟೆಗೆ ಅಳೆಯುವ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಅಂಕಿ ಅಂಶಗಳನ್ನು ಆಕೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಕೊಡುತ್ತಾಳೆ. ಲವಣಾಂಶವು ಸುಮಾರು 15 ದಿನಗಳಿಗೊಮ್ಮೆ ಏರಿಳಿಯುತ್ತದೆಂದು ತಿಳಿಸುವ ಅಚ್ಚುಕಟ್ಟಾದ ಅಧ್ಯಾಯ ಸಿದ್ಧವಾಗುತ್ತದೆ. ಮಾರ್ಗದರ್ಶಕರು ಅದನ್ನು ಓದದೆ ಅಂತಹದೇ ತಂತ್ರಾಂಶಕ್ಕೆ ಒಪ್ಪಿಸಿ, ಅದು ಬರೆದ ಟಿಪ್ಪಣಿಯನ್ನು ತಮ್ಮದೆಂದು ಕೊಡುತ್ತಾರೆ.

ಆದರೆ ಆ ಏರಿಳಿತ ನಿಜವೇ? ಉಬ್ಬರದಲ್ಲಿ ಕಡಲಿನ ಉಪ್ಪುನೀರು ಒಳಬರುತ್ತದೆ. ಇಳಿತದಲ್ಲಿ ನದಿನೀರಿನ ಪಾಲು ಹೆಚ್ಚುತ್ತದೆ. ಉಬ್ಬರವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಆದ್ದರಿಂದ ಗಡಿಯಾರದ ಒಂದೇ ಹೊತ್ತಿಗೆ ಅಳೆದರೆ ಇಂದು ಉಬ್ಬರ ಸಿಕ್ಕಲ್ಲಿ ಒಂದು ವಾರದ ನಂತರ ಇಳಿತ ಸಿಗುತ್ತದೆ. 15 ದಿನಗಳ ಏರಿಳಿತ ಅಳತೆಯ ವೇಳೆಯಿಂದಲೇ ಹುಟ್ಟಿರಬಹುದು! ಯಂತ್ರವೂ ಈ ಸಂದೇಹವನ್ನು ಎತ್ತಬಹುದು. ಆದರೆ ವಿದ್ಯಾರ್ಥಿನಿಯ ಟಿಪ್ಪಣಿ ಪುಸ್ತಕವನ್ನು ತೆರೆಸಿ, ವೇಳೆಯನ್ನು ಕೇಳಿ, ಮತ್ತೆ ಅಳಿವೆಗೆ ಕಳುಹಿಸಬೇಕಾದವರು ಮಾರ್ಗದರ್ಶಕರೇ.

ನಮ್ಮ ನಿಯಮಗಳು ಇದನ್ನು ಗಮನಿಸಿವೆಯೇ? ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಂತೆ ಪ್ರಬಂಧದಲ್ಲಿ ಶೇಕಡ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಶೇಕಡ 60 ಮೀರಿದರೆ ನೋಂದಣಿ ರದ್ದು. ಕೃತಿಚೌರ್ಯವಿಲ್ಲವೆಂದು ಮಾರ್ಗದರ್ಶಕರು ಪ್ರಮಾಣಪತ್ರ ನೀಡಬೇಕು. ಉದ್ದೇಶ ಒಳ್ಳೆಯದೇ. ಆದರೆ ಕೃತಕ ಬುದ್ಧಿಮತ್ತೆ ಹೆಚ್ಚಾಗಿ ಹೊಸ ವಾಕ್ಯಗಳನ್ನೇ ಹೆಣೆಯುವುದರಿಂದ ಸಾಮ್ಯ ಕಾಣುವುದಿಲ್ಲ. ಉಷ್ಣತೆಯನ್ನು ತಕ್ಕಡಿಯಿಂದ ಅಳೆಯಹೊರಟಂತೆ ಇದು.

ಪತ್ತೆಹಚ್ಚುವ ತಂತ್ರಾಂಶಗಳನ್ನು ನಂಬೋಣವೆಂದರೆ, ಓಪನ್‌ಎಐ ಸಂಸ್ಥೆಯೇ ತನ್ನ ಅಂತಹ ಸಾಧನವನ್ನು ನಿಖರತೆ ಸಾಲದೆಂದು 2023ರಲ್ಲಿ ಹಿಂತೆಗೆದುಕೊಂಡಿತು. ಇಂಗ್ಲಿಷ್ ಮಾತೃಭಾಷೆಯಲ್ಲದವರ ಸ್ವಂತ ಬರಹವನ್ನು ಇಂತಹ ಸಾಧನಗಳು ಯಂತ್ರದ್ದೆಂದು ತಪ್ಪಾಗಿ ಗುರುತಿಸುತ್ತವೆಂದು ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ವಿದ್ಯಾರ್ಥಿಗಳಿಗೆ ಇದು ಸಣ್ಣ ಅಪಾಯವಲ್ಲ.

ಹೊಣೆಯ ಪ್ರಶ್ನೆ ಹೊಸದೇನಲ್ಲ. 2011ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ 'ಅಡ್ವಾನ್ಸ್ಡ್ ಮೆಟೀರಿಯಲ್ಸ್' ಪತ್ರಿಕೆಗೆ ಹೋದ ಪ್ರಬಂಧವೊಂದರ ಪೀಠಿಕೆಯಲ್ಲಿ ಬೇರೆ ಲೇಖನದ ಕೆಲವು ವಾಕ್ಯಗಳಿದ್ದುದು ಬೆಳಕಿಗೆ ಬಂತು. ಸಿ. ಎನ್. ಆರ್. ರಾವ್ ಅವರಂತಹ ಹಿರಿಯರೇ ಲೇಖಕರ ಪರವಾಗಿ ಕ್ಷಮೆ ಕೋರಿದರು. ವಾಕ್ಯವನ್ನು ಯಾರೇ ಬರೆದಿರಲಿ, ಹೆಸರು ಕೊಟ್ಟವರೆಲ್ಲರೂ ಅದಕ್ಕೆ ಉತ್ತರಿಸಬೇಕು. ಯಂತ್ರ ಹಾಗೆ ಉತ್ತರಿಸಲಾರದು. ಅದನ್ನು ಲೇಖಕನೆಂದು ಒಪ್ಪಲಾಗದೆಂದು 'ನೇಚರ್' ಪತ್ರಿಕೆ 2023ರಲ್ಲಿ ಸಾರಿದ್ದು ಈ ಕಾರಣಕ್ಕೇ.

ಹಾಗೆಂದು ಯಂತ್ರವನ್ನು ದೂರವಿಡಬೇಕಿಲ್ಲ. ಭಾಷೆ ತಿದ್ದಲು, ಗಣಕ ಕ್ರಮವಿಧಿಯ ದೋಷ ಹುಡುಕಲು ಬಳಸಲಿ, ಬಳಸಿದ್ದನ್ನು ತಿಳಿಸಲಿ. ಆದರೆ ವಿದ್ಯಾರ್ಥಿಯ ಅಪ್ರಕಟಿತ ಅಳತೆಗಳನ್ನು ಆತನ ಒಪ್ಪಿಗೆಯಿಲ್ಲದೆ ಹೊರಗಿನ ಕಂಪನಿಯ ಗಣಕಕ್ಕೆ ಸೇರಿಸುವುದು ವಿಶ್ವಾಸದ್ರೋಹ. 2022ರ ನಿಯಮದಂತೆ ಒಬ್ಬ ಪ್ರಾಧ್ಯಾಪಕರು 8 ಸಂಶೋಧನಾ ವಿದ್ಯಾರ್ಥಿಗಳವರೆಗೆ ಹೊಂದಿರಬಹುದು. ಅಷ್ಟೂ ಜನರ ಕರಡನ್ನು ಓದಲು ಬಿಡುವಿಲ್ಲದವರು ಕಡಿಮೆ ಜನರನ್ನು ತೆಗೆದುಕೊಳ್ಳುವುದೇ ಮೇಲು.

ನನ್ನ ಸಲಹೆ ಇಷ್ಟೇ: ಪ್ರಮಾಣಪತ್ರಕ್ಕೆ ಎರಡು ಸಾಲು ಸೇರಲಿ. ವಿದ್ಯಾರ್ಥಿ ಮತ್ತು ಮಾರ್ಗದರ್ಶಕರು ಯಾವ ತಂತ್ರಾಂಶವನ್ನು ಯಾವುದಕ್ಕೆ ಬಳಸಿದರೆಂಬುದು ಮೊದಲನೆಯದು. ಮೂಲ ಅಳತೆಗಳ ಪುಸ್ತಕವನ್ನು ಮಾರ್ಗದರ್ಶಕರು ಸ್ವತಃ ನೋಡಿದ್ದಾರೆಂಬುದು ಎರಡನೆಯದು. ನಿಮ್ಮಲ್ಲಿ ಮಾರ್ಗದರ್ಶಕರಿದ್ದರೆ ಆಯೋಗದ ಆದೇಶಕ್ಕೆ ಕಾಯಬೇಕಿಲ್ಲ. ಮುಂದಿನ ಸಹಿಯಿಂದಲೇ ಆರಂಭಿಸಬಹುದು.