ಸಂಜೆಯ ಮುಖಚಿತ್ರ: ತಿದ್ದುವುದೆಷ್ಟು, ಬಿಡುವುದೆಷ್ಟು

ಇಳಿಹೊತ್ತಿನಲ್ಲಿ ಬಯಲಲ್ಲಿ ತೆಗೆದ ಮುಖಚಿತ್ರದ ಮೇಲೆ ಎರಡು ಬೆಳಕು ಬಿದ್ದಿರುತ್ತವೆ. ಒಂದು, ಪಡುವಣದಿಂದ ಓರೆಯಾಗಿ ಬರುವ ಬಿಸಿಲು. ಸೂರ್ಯ ಇಳಿದಷ್ಟೂ ಕಿರಣಗಳು ವಾತಾವರಣದಲ್ಲಿ ಹೆಚ್ಚು ದೂರ ಸಾಗಬೇಕಾಗುತ್ತದೆ. ದಾರಿಯಲ್ಲೇ ನೀಲಿ ಚದುರಿ, ಕೆಂಪು ಹಳದಿ ಉಳಿದು ಬರುತ್ತವೆ. ಇನ್ನೊಂದು, ಆಕಾಶದಿಂದ ನೆರಳಿನ ಮೇಲೆ ಇಳಿಯುವ ತಣ್ಣನೆಯ ನೀಲಿ ಬೆಳಕು. ಸೂರ್ಯನಿಗೆ ಬೆನ್ನು ಹಾಕಿ ನಿಂತವರ ಕೂದಲಂಚು ಹೊಂಬಣ್ಣಕ್ಕೆ ತಿರುಗಿ, ಮುಖ ಮಾತ್ರ ಮಂಕಾಗಿ ಕಾಣುವುದು ಇದರಿಂದ. ಎಡಿಟಿಂಗ್ ಮಾಡುವವರು ಮೊದಲಿನಿಂದ ಕೊನೆಯವರೆಗೆ ಕಾಪಾಡಬೇಕಾದದ್ದು ಈ ಎರಡು ಬೆಳಕುಗಳ ಅಂತರವನ್ನು.

ಕೆಲಸ ಶುರುವಾಗುವುದು ವೈಟ್ ಬ್ಯಾಲೆನ್ಸ್‌ನಿಂದ. ನಡುಹಗಲಿನ ಬಿಸಿಲಿನ ವರ್ಣತಾಪ ಸುಮಾರು 5500 ಕೆಲ್ವಿನ್. ಮುಳುಗುವ ಹೊತ್ತಿಗೆ ಅದು 3500ರ ಆಸುಪಾಸಿಗೂ ಕೆಳಕ್ಕೂ ಬರುತ್ತದೆ. ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟಿದ್ದರೆ ಅದು ಈ ಕೆಂಪನ್ನು ದೋಷವೆಂದೇ ಎಣಿಸಿ ಅರ್ಧ ಒರೆಸಿಹಾಕಿರುತ್ತದೆ. ರಾ ಫೈಲ್ ಇದ್ದರೆ ಚಿಂತೆಯಿಲ್ಲ: ಡೇಲೈಟ್ ಆಯ್ದುಕೊಂಡರೆ ಸಂಜೆ ಮರಳುತ್ತದೆ, ಅಲ್ಲಿಂದ ಕಣ್ಣಳತೆಯಲ್ಲಿ ತುಸು ಹಿಂದೆಮುಂದೆ ಮಾಡಿದರೆ ಸಾಕು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ ಇರುವುದು 256 ಮಟ್ಟಗಳು, 14 ಬಿಟ್‌ನ ರಾ ಫೈಲ್‌ನಲ್ಲಿ 16,384. ತಿದ್ದಲು ಸಿಗುವ ಅವಕಾಶವೂ ಅದಕ್ಕೆ ತಕ್ಕಂತೆ. ಬಿಳಿ ಪಂಚೆಯ ಮೇಲೋ ಮುಡಿದ ಮಲ್ಲಿಗೆಯ ಮೇಲೋ ಐಡ್ರಾಪರ್ ಒತ್ತುವ ರೂಢಿಯನ್ನು ಇಲ್ಲಿ ಬಿಡಲೇಬೇಕು. ಆ ಹೊತ್ತಿನ ಬಿಸಿಲಲ್ಲಿ ಮಲ್ಲಿಗೆ ಕೆನೆಬಣ್ಣಕ್ಕೆ ತಿರುಗಿರುತ್ತದೆ, ಹಾಗೆಯೇ ಇರಬೇಕು.

ಮುಂದಿನದು ಎಕ್ಸ್‌ಪೋಷರ್. ಸಂಜೆ ಬಿಸಿಲಿನಲ್ಲಿ ಮೊದಲು ಮಿತಿ ಮೀರುವುದು ಕೆಂಪು ಚಾನೆಲ್. ಒಟ್ಟು ಹಿಸ್ಟೋಗ್ರಾಂ ಸರಿಯಾಗಿ ಕಂಡರೂ ಕುಂಕುಮಬಣ್ಣದ ರೇಷ್ಮೆಯ ನೆರಿಗೆಗಳು ಒಂದೇ ಬಳಿದ ಬಣ್ಣವಾಗಿ ಕೂಡಿಕೊಂಡಿರಬಹುದು. ಮೂರು ಬಣ್ಣಗಳನ್ನೂ ಬೇರೆಬೇರೆಯಾಗಿ ನೋಡಿ ಹೈಲೈಟ್ ಇಳಿಸಬೇಕು. ಮುಖ ಬೆಳಗಿಸಲು ಇಡೀ ಚಿತ್ರದ ಶ್ಯಾಡೋ ಎತ್ತಿದರೆ ಮರದ ಬುಡ, ಬಂಡೆಯ ಮರೆ ಎಲ್ಲವೂ ಬೂದಿಯಾಗುತ್ತವೆ. ಮಾಸ್ಕ್ ಹಾಕಿ ಮುಖವನ್ನಷ್ಟೇ ಅರ್ಧದಿಂದ ಒಂದು ಸ್ಟಾಪ್ ಎತ್ತಿದರೆ ಬಹುಪಾಲು ಸಾಕಾಗುತ್ತದೆ. ಕೂದಲಂಚಿನ ಬೆಳಕಿಗಿಂತ ಮುಖ ಕಡಿಮೆ ಹೊಳೆಯುವುದೇ ಚೆಂದ.

ಹೆಚ್ಚು ಎಚ್ಚರ ಬೇಕಾಗುವುದು ಚರ್ಮದ ಬಣ್ಣದಲ್ಲಿ. ಫಿಲ್ಮ್ ಕಾಲದಲ್ಲಿ ಕೊಡಕ್ ಕಂಪನಿ ಲ್ಯಾಬ್‌ಗಳಿಗೆ ಕಳುಹಿಸುತ್ತಿದ್ದ ‘ಶರ್ಲಿ ಕಾರ್ಡ್’ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆಯರ ಚಿತ್ರ. ಮುದ್ರಣದ ಬಣ್ಣ ಹೊಂದಿಸಲು ಅದೇ ಅಳತೆಗೋಲಾಗಿದ್ದರಿಂದ ಕಂದು, ಕಪ್ಪು ಮೈಬಣ್ಣಗಳು ಸರಿಯಾಗಿ ಮೂಡುತ್ತಿರಲಿಲ್ಲ. ನಮ್ಮ ಮದುವೆ ಆಲ್ಬಮ್‌ಗಳಲ್ಲಿ ಇಂದಿಗೂ ಕಾಣುವ ಬಿಳುಪುಗೊಳಿಸುವ ಚಟ ಅದಕ್ಕಿಂತ ಭಿನ್ನವಾದ ಅನ್ಯಾಯವೇನಲ್ಲ. ಆರೆಂಜ್ ಲ್ಯೂಮಿನನ್ಸ್ ಏರಿಸಿ ಸ್ಯಾಚುರೇಶನ್ ಇಳಿಸಿದರೆ ಮುಖ ಬೆಳ್ಳಗಾಗುತ್ತದೆ, ಆದರೆ ಎಣ್ಣೆಗಪ್ಪು ಕೆನ್ನೆಯ ಮೇಲೆ ಜಾರುವ ಸಂಜೆಯ ಹೊಳಪು ಸತ್ತುಹೋಗುತ್ತದೆ. ಅಂಥ ಕೆನ್ನೆಗಿಂತ ಚೆನ್ನಾಗಿ ಈ ಬೆಳಕನ್ನು ಹಿಡಿದಿಡುವ ವಸ್ತು ಇನ್ನೊಂದಿಲ್ಲ. ನೆರಳಿನಲ್ಲಿದ್ದ ಕಂದು ಮುಖವನ್ನು ಎತ್ತಿದಾಗ ಆಕಾಶದ ನೀಲಿಯೂ ಜೊತೆಗೆ ಎದ್ದು ಬೂದುಛಾಯೆ ಬರುತ್ತದೆ. ಆಗ ಆ ಮಾಸ್ಕ್‌ನೊಳಗೆ ಮಾತ್ರ ಬಿಸುಪು ಕೊಂಚ ಕೂಡಿಸಬೇಕು. ತೋಟದಲ್ಲೋ ಹುಲ್ಲಿನ ಮೇಲೋ ನಿಂತವರ ಗದ್ದದಡಿ ಹಸಿರು ಹೊಡೆದಿದ್ದರೆ ಟಿಂಟ್ ಅನ್ನು ಮಜೆಂಟಾದತ್ತ ಸರಿಸಬೇಕು. ಆರೆಂಜ್ ಸ್ಲೈಡರ್‌ಗೆ ಮುಖವೂ ಒಂದೇ, ಹಂಪಿಯ ಬಂಡೆಯೂ ಒಂದೇ ಎಂಬುದು ನೆನಪಿರಲಿ. ಮಾಸ್ಕ್ ಇಲ್ಲದೆ ಅದನ್ನು ಮುಟ್ಟಿದರೆ ಹಿನ್ನೆಲೆಯೂ ಬದಲಾಗುತ್ತದೆ. ಸುಕ್ಕು, ರಂಧ್ರಗಳನ್ನು ಅಳಿಸುವುದಂತೂ ಬೇಡ. ಓರೆ ಬೆಳಕು ಮೂಡಿಸಿದ ಮೈವಳಿಕೆಯೇ ಅಳಿಯುತ್ತದೆ.

ಒಂದು ಚಿತ್ರದ ತಿದ್ದುಪಡಿಯನ್ನು ಇಡೀ ಸರಣಿಗೆ ಅಂಟಿಸುವುದೂ ಇಲ್ಲಿ ಸಲ್ಲದು. ಕರ್ನಾಟಕದ ಅಕ್ಷಾಂಶದಲ್ಲಿ ಸೂರ್ಯ ಕಡಿದಾಗಿ ಇಳಿಯುತ್ತಾನೆ. ಕೊನೆಯ 6 ಡಿಗ್ರಿ ಇಳಿಯಲು ಸುಮಾರು 25 ನಿಮಿಷ ಸಾಕು; ಅಷ್ಟರಲ್ಲಿ ಬಣ್ಣ ಹಳದಿಯಿಂದ ಕೆಂಪಿಗೆ ಹೊರಳಿರುತ್ತದೆ. ಮೊದಲು, ನಡುವೆ, ಕೊನೆಗೆ ಒಂದೊಂದು ಚಿತ್ರವನ್ನು ಪೂರ್ತಿ ಮುಗಿಸಿ, ಉಳಿದವನ್ನು ಹತ್ತಿರದ್ದಕ್ಕೆ ಹೊಂದಿಸುವುದು ಸರಿಯಾದ ಕ್ರಮ.

ತಿದ್ದುವಾಗ ಪರದೆಯ ನೈಟ್ ಮೋಡ್ ಆಫ್ ಮಾಡಿರಬೇಕು; ಇಲ್ಲದಿದ್ದರೆ ಇರುವುದಕ್ಕಿಂತ ಹೆಚ್ಚು ಹಳದಿ ಕಂಡು ಕೈ ತಪ್ಪುತ್ತದೆ. ಮೊಬೈಲಿಗೆ, ಜಾಲತಾಣಕ್ಕೆ ಎಸ್‌ಆರ್‌ಜಿಬಿಯಲ್ಲಿ ಉಳಿಸಬೇಕು. ಕಾಗದ ತಾನಾಗಿ ಬೆಳಗುವುದಿಲ್ಲವಾದ್ದರಿಂದ ಪ್ರಿಂಟ್‌ನಲ್ಲಿ ನೆರಳು ಇನ್ನಷ್ಟು ಗಾಢವಾಗುತ್ತದೆ. ದೊಡ್ಡ ಅಳತೆಯಲ್ಲಿ ಹಾಕಿಸುವ ಮುನ್ನ ಸಣ್ಣದೊಂದು ಪ್ರತಿ ತೆಗೆಸಿ, ಮುಖದ ನೆರಳಿನ ಬದಿಯನ್ನು ಹಗಲು ಬೆಳಕಿನಲ್ಲಿ ನೋಡಿಕೊಳ್ಳಬೇಕು.