ಒಂದು ಜೀನಿನ ಲೋಪವೂ ಸಂಬಂಧದ ವಿವಾಹವೂ: ಒಂದು ವಿಮರ್ಶೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ರೂಢಿ ಹಳೆಯದು. ಹುಟ್ಟಿದ ಮಗುವಿನ ಬೆಳವಣಿಗೆ ಕುಂಠಿತವಾದರೆ ಅದು ಸಂಬಂಧದಲ್ಲಿ ಮದುವೆಯಾದುದರ ಫಲವೆಂದು ತೀರ್ಪು ಕೊಡುವುದೂ ಈಗ ರೂಢಿಯೇ ಆಗಿದೆ. ಊರವರು ಹೀಗೆಂದರೆ ಕ್ಷಮ್ಯ. ತರಗತಿಯ ಟಿಪ್ಪಣಿಗಳಲ್ಲಿಯೂ ಅದೇ ಮಾತು ಬರುತ್ತಿರುವುದರಿಂದ ಅದನ್ನು ಪರಿಶೀಲಿಸಬೇಕಾಗಿದೆ.

ಮಾತು ಪೂರ್ಣ ಸುಳ್ಳಲ್ಲ. ದುರ್ಬಲ ಜೀನಿನ ರೋಗಗಳಲ್ಲಿ ತಾಯಿತಂದೆಗಳಿಬ್ಬರಿಂದಲೂ ಕೆಟ್ಟ ಪ್ರತಿಯೇ ಬರಬೇಕು. ಸೋದರಮಾವನನ್ನು ವರಿಸಿದವಳ ಮಗುವಿನಲ್ಲಿ ಯಾವುದೇ ಜೀನಿನ ಎರಡು ಪ್ರತಿಗಳೂ ಒಂದೇ ಮೂಲದಿಂದ ಬಂದಿರುವ ಸಂಭವ 1/8. ಸೋದರತ್ತೆ, ಸೋದರಮಾವಂದಿರ ಮಕ್ಕಳ ನಡುವಣ ವಿವಾಹದಲ್ಲಿ 1/16. ಇಂಥ ರೋಗಗಳ ಮಟ್ಟಿಗೆ ಎಚ್ಚರಿಕೆ ನ್ಯಾಯವಾದುದೇ.

ವರ್ಣತಂತುವಿನ ತುಣುಕು ಲೋಪವಾಗುವ ರೋಗಗಳ ಹಾದಿ ಬೇರೆ. 22ನೆಯ ವರ್ಣತಂತುವಿನ ಒಂದೆಡೆ ಒಂದನ್ನೊಂದು ಹೋಲುವ ಭಾಗಗಳು ಮರುಕಳಿಸಿವೆ. ಅಂಡಾಣುವೋ ವೀರ್ಯಾಣುವೋ ರೂಪುಗೊಳ್ಳುವಾಗ ಇವು ತಪ್ಪಾಗಿ ಜೋಡಿಯಾದರೆ ನಡುವಣ ತುಣುಕು, ಸಾಮಾನ್ಯವಾಗಿ ಸುಮಾರು 30 ಲಕ್ಷ ಬೇಸ್ ಜೋಡಿಗಳಷ್ಟು, ಬಿಟ್ಟುಹೋಗುತ್ತದೆ. ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತರಲ್ಲಿ ಈ ಲೋಪ ಹೊಸದಾಗಿ ಒದಗಿದುದು; ದಂಪತಿಗಳು ನಂಟರೋ ಅಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಪ್ರತಿ ನೆಟ್ಟಗೇ ಉಳಿದಿರುತ್ತದೆ. ಹಾಗಿದ್ದೂ ಬೆಳವಣಿಗೆ ಕೆಡುವುದೇಕೆ? ಆ ತುಣುಕಿನಲ್ಲಿರುವ ಟಿಬಿಎಕ್ಸ್1 ಎಂಬ ಜೀನು, ಭ್ರೂಣದ ಗಂಟಲ ಭಾಗದಲ್ಲಿ ಇತರ ಜೀನುಗಳನ್ನು ನಿಯಂತ್ರಿಸುವ ಪ್ರೋಟೀನನ್ನು ಒದಗಿಸುತ್ತದೆ. ಅದರ ಅರ್ಧ ಪ್ರಮಾಣ ಆ ಕೆಲಸಕ್ಕೆ ಸಾಲದು. ಇಲಿಗಳಲ್ಲಿ ಒಂದೇ ಪ್ರತಿಯನ್ನು ತೆಗೆದರೂ ಹೃದಯದ ಬಳಿಯ ದೊಡ್ಡ ರಕ್ತನಾಳಗಳು ವಿಕಾರಗೊಳ್ಳುವುದನ್ನು 2001ರಲ್ಲಿ ತೋರಿಸಲಾಯಿತು.

ಇಷ್ಟನ್ನು ಓದಿದವರು ಇಡೀ ರೋಗವನ್ನು ಆ ಒಂದು ಜೀನಿನ ತಲೆಗೆ ಕಟ್ಟುವುದುಂಟು. ಇದೂ ಆತುರವೇ. 2003ರಲ್ಲಿ ಜಪಾನಿನ ಯಾಗಿ ಮತ್ತು ಸಂಗಡಿಗರು, ತುಣುಕು ಲೋಪವಾಗದೆ ಆ ಜೀನೊಂದರಲ್ಲೇ ದೋಷವಿದ್ದವರನ್ನು ವರದಿ ಮಾಡಿದರು: ಹೃದಯ, ಮುಖ, ಅಂಗುಳ, ಥೈಮಸ್, ಪ್ಯಾರಾಥೈರಾಯ್ಡ್ ಗ್ರಂಥಿಗಳ ವಿಕಾರವನ್ನು ಟಿಬಿಎಕ್ಸ್1 ವಿವರಿಸುತ್ತದೆ, ಈ ರೋಗದಲ್ಲಿ ಸಾಮಾನ್ಯವಾದ ಬುದ್ಧಿಯ ಹಿಂದುಳಿಕೆಯನ್ನು ವಿವರಿಸುವುದಿಲ್ಲ. ವಿಲಿಯಮ್ಸ್ ಸಿಂಡ್ರೋಮಿನಲ್ಲಿಯೂ ಇಲಾಸ್ಟಿನ್ ಜೀನಿನ ಲೋಪದಿಂದ ಮಹಾಪಧಮನಿ ಸಂಕುಚಿತವಾಗುವುದು ತಿಳಿಯುತ್ತದೆ; ಆ ಮಕ್ಕಳ ಮನೋಧರ್ಮ ತಿಳಿಯುವುದಿಲ್ಲ. ಸ್ಮಿತ್-ಮಜೆನಿಸ್ ಸಿಂಡ್ರೋಮಿನಲ್ಲಾದರೋ ಆರ್‌ಎಐ1 ಎಂಬ ಒಂದೇ ಜೀನು ಬಹುಪಾಲು ಲಕ್ಷಣಗಳಿಗೆ ಕಾರಣ. ಒಂದರ ನಿಯಮವನ್ನು ಮತ್ತೊಂದಕ್ಕೆ ಹಚ್ಚಲಾಗದು.

ಇದು ಬರಿಯ ಪಾಠದ ತಕರಾರಲ್ಲ. ಜೇವರ್ಗಿಯ ಕಡೆಯ ದಂಪತಿಗಳು ಮುಂದಿನ ಮಗು ಹೇಗೆಂದು ಕೇಳಿದರೆ, ದುರ್ಬಲ ಜೀನಿನ ರೋಗದಲ್ಲಿ ಪ್ರತಿ ಸಲವೂ ನಾಲ್ಕರಲ್ಲಿ ಒಂದು ಎನ್ನಬೇಕು; ಹೊಸದಾಗಿ ಆದ ಲೋಪದಲ್ಲಿ ಅದು ಅತ್ಯಲ್ಪ; ತಾಯಿತಂದೆಗಳಲ್ಲೊಬ್ಬರಿಗೇ ಲೋಪವಿದ್ದರೆ ಎರಡರಲ್ಲಿ ಒಂದು. ಸಾಮಾನ್ಯ ಸೂಕ್ಷ್ಮದರ್ಶಕದ ಪರೀಕ್ಷೆಗೆ ಈ ಲೋಪ ಹೆಚ್ಚಾಗಿ ಕಾಣದು; ಫಿಶ್ ಇಲ್ಲವೆ ಮೈಕ್ರೋಅರೇ ಪರೀಕ್ಷೆ ಬೇಕು. ಸಂಬಂಧದ ಮದುವೆಯೆಂದು ಬರೆದು ಚೀಟಿ ಮುಚ್ಚಿದ ಮೇಲೆ ಆ ಪರೀಕ್ಷೆಗೆ ಕಳಿಸುವವರು ಯಾರು? ಮಗುವಿಗೆ ಫಿಟ್ಸ್ ಬಂದಾಗ ರಕ್ತದ ಕ್ಯಾಲ್ಸಿಯಂ ನೋಡಬೇಕೆಂಬುದೂ, ಅದು ಕಡಮೆಯಿದ್ದರೆ ಔಷಧದಿಂದ ಸರಿಪಡಿಸಬಹುದೆಂಬುದೂ ಆಗ ಯಾರಿಗೂ ಹೊಳೆಯುವುದಿಲ್ಲ.