ಥೇಟ್ ಅದೇ ಎಂಬ ಹೊಗಳಿಕೆ

ಅಭಿಮಾನಿಗಳು ತಾವೇ ತಯಾರಿಸಿದ ‘ಸ್ಟಾರ್ ಟ್ರೆಕ್’ ಕಂತುಗಳ ಮಾತು ಎತ್ತಿದರೆ ಮೊದಲು ಬರುವ ಹೆಸರು ‘ಸ್ಟಾರ್ ಟ್ರೆಕ್ ಕಂಟಿನ್ಯೂಸ್’. 2013ರಿಂದ 2017ರವರೆಗೆ 11 ಕಂತು. 79 ಕಂತು ಮುಗಿಸಿ 1969ರಲ್ಲಿ ನಿಂತುಹೋದ ಮೂಲ ಧಾರಾವಾಹಿಯನ್ನು ನಿಂತಲ್ಲಿಂದಲೇ ಎತ್ತಿಕೊಂಡು ನಡೆಸುವುದು ವಿಕ್ ಮಿನ್ಯೋನ್ಯಾ ತಂಡದ ಉದ್ದೇಶ. ಎಂಬತ್ತರ ದಶಕದ ದೂರದರ್ಶನದಲ್ಲಿ ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ಹಡಗಿನ ನಾಯಕ ಕರ್ಕ್, ಅವನ ಬಲಗೈ ಸ್ಪಾಕ್ ಜೋಡಿಯನ್ನು ಕಂಡವರಿಗೆ ಇದಕ್ಕಿಂತ ಹೆಚ್ಚಿನ ಪೀಠಿಕೆ ಬೇಡ. ಹೊಗಳುವವರೆಲ್ಲ ಹೇಳುವುದು ಒಂದೇ: ಥೇಟ್ ಅದೇ. ಅದೇ ಚೌಕಟ್ಟು, ಅದೇ ಬೆಳಕು, ಅದೇ ಗುಂಡಿಗಳು. ಎಂಜಿನಿಯರ್ ಸ್ಕಾಟಿಯ ಪಾತ್ರಕ್ಕೂ ಮೂಲ ನಟ ಜೇಮ್ಸ್ ಡೂಹನ್ ಅವರ ಮಗನೇ ಸಿಕ್ಕರು.

ತೊಂದರೆ ಇರುವುದೇ ಅಲ್ಲಿ.

ಮೂರನೆಯ ಕಂತು ‘ಫೇರೆಸ್ಟ್ ಆಫ್ ದೆಮ್ ಆಲ್’ (2014) ನೋಡಿ. 1967ರ ‘ಮಿರರ್, ಮಿರರ್’ ಮುಗಿದ ಕ್ಷಣದಿಂದಲೇ ಇದು ಶುರು. ಮೂಲದಲ್ಲಿ ಕರ್ಕ್ ಕ್ರೂರ ಸಾಮ್ರಾಜ್ಯವೊಂದರ ಪ್ರತಿಲೋಕಕ್ಕೆ ಬಿದ್ದಿದ್ದಾನೆ. ಹೊರಡುವ ಮುನ್ನ ಅಲ್ಲಿಯ ಗಡ್ಡದ ಸ್ಪಾಕ್‌ನನ್ನು ತಡೆದು, ಒಬ್ಬನೇ ಮನುಷ್ಯ ಮನಸ್ಸು ಮಾಡಿದರೂ ಇದನ್ನು ಬದಲಿಸಬಹುದಲ್ಲ ಎಂದು ಕೇಳುತ್ತಾನೆ. ಸ್ಪಾಕ್ ಒಪ್ಪುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ; ಯೋಚಿಸುತ್ತೇನೆ ಎನ್ನುತ್ತಾನೆ. ಅಷ್ಟರಲ್ಲಿ ಕರ್ಕ್ ಮಾಯ. ಆ ಉತ್ತರದ ಮೇಲೆ ಲೋಕವೊಂದರ ಹಣೆಬರಹ ತೂಗುತ್ತಿದ್ದರೂ ನೋಡುಗನ ಕೈಗೆ ಅದು ಸಿಗುವುದಿಲ್ಲ.

ಈ ದೃಶ್ಯವನ್ನೇ ಹೊಸ ನಟರು ಮತ್ತೆ ಆಡಿ ತೋರಿಸುತ್ತಾರೆ. ಮೂಲದ ಕರ್ಕ್ ವಿಲಿಯಂ ಶಾಟ್ನರ್ ಮಾತಿನ ನಡುವೆ ಬಿಡುತ್ತಿದ್ದ ಬಿಡುವನ್ನೂ ಇಲ್ಲಿಯ ಕರ್ಕ್ ಆದ ಮಿನ್ಯೋನ್ಯಾ ಅಳೆದಿಟ್ಟಂತೆ ಬಿಡುತ್ತಾರೆ. ಆದರೆ ಶಾಟ್ನರ್ ಅಲ್ಲಿ ತಡವರಿಸಿದ್ದು ಪಾತ್ರಕ್ಕೆ ಸಮಯ ಮೀರುತ್ತಿತ್ತು ಅಂತ. ಇಲ್ಲಿ ತಡವರಿಸುವುದು ಶಾಟ್ನರ್ ತಡವರಿಸಿದ್ದರು ಅಂತ. ನೋಡುಗ ಕೂಡ ಕರ್ಕ್‌ನ ವಾದ ಕೇಳುವುದನ್ನು ಬಿಟ್ಟು ಹೋಲಿಕೆ ಪರೀಕ್ಷಿಸುತ್ತ ಕೂರುತ್ತಾನೆ. ಮುಂದೆ ಕಥೆ ಸ್ಪಾಕ್‌ನನ್ನು ದಂಗೆ ಎಬ್ಬಿಸಿ, ಹಡಗನ್ನು ಅವನ ಕೈಗಿಡುತ್ತದೆ. ತೂಗುತ್ತಿದ್ದ ಪ್ರಶ್ನೆಗೆ ಚೊಕ್ಕ ಉತ್ತರ, ಚಪ್ಪಾಳೆ. ಇದೇ ಪ್ರಶ್ನೆಯನ್ನು 1994ರಲ್ಲಿ ಅಧಿಕೃತ ಧಾರಾವಾಹಿ ‘ಡೀಪ್ ಸ್ಪೇಸ್ ನೈನ್’ ಎತ್ತಿಕೊಂಡು ಎಂಥ ಕಹಿ ಉತ್ತರ ಕೊಟ್ಟಿತ್ತು! ಸ್ಪಾಕ್ ಸುಧಾರಣೆ ತಂದ, ಸಾಮ್ರಾಜ್ಯ ಮೆತ್ತಗಾಯಿತು, ಶತ್ರುಗಳು ನುಗ್ಗಿ ಭೂಮಿಯವರನ್ನೇ ಗುಲಾಮರಾಗಿಸಿದರು. ಸಂಬಳದ ಲೇಖಕರು ತೋರಿಸಿದ ಈ ಧೈರ್ಯ ಯಾರ ಹಂಗೂ ಇಲ್ಲದ ಅಭಿಮಾನಿಗಳಿಗೆ ಬರಲಿಲ್ಲ.

ಹವ್ಯಾಸಿಗಳು ಪಾಪ, ಇಷ್ಟು ಕಟುವಾಗಿ ಅಳೆಯಬೇಕೆ ಎನ್ನುವವರಿದ್ದಾರೆ. ಅಳೆಯಬೇಕು. ಟಿಕೋಟಾ, ಬಬಲೇಶ್ವರ ಕಡೆಯ ಜಾತ್ರೆಗಳಲ್ಲಿ ಊರ ಹುಡುಗರು ತಾಲೀಮು ನಡೆಸಿ, ಬಾಡಿಗೆ ಪರದೆ ಕಟ್ಟಿ ನಾಟಕ ಆಡಿದಾಗ ಜನ ರಿಯಾಯಿತಿ ಕೊಡುತ್ತಾರೆಯೆ? ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ಶಕುನಿ ಹೋದ ವರ್ಷದವನ ಧಾಟಿಯನ್ನೇ ಒಪ್ಪಿಸಿದರೆ ಮುಂದಿನ ಸಾಲಿನಲ್ಲಿ ಕೂತ ಅಜ್ಜನಿಗೆ ತಕ್ಷಣ ಗೊತ್ತಾಗುತ್ತದೆ.

ಹಾಗಾದರೆ ಮೆಚ್ಚಬೇಕಾದದ್ದು ಯಾವುದು? ಇನ್ನೊಂದು ಅಭಿಮಾನಿ ಸರಣಿ, ಜೇಮ್ಸ್ ಕಾಲಿ ಅವರ ‘ನ್ಯೂ ವಾಯೇಜಸ್’. ಎಲ್ವಿಸ್ ಪ್ರೀಸ್ಲಿಯ ವೇಷದಲ್ಲಿ ಹಾಡಿ ಗಳಿಸಿದ ದುಡ್ಡನ್ನು ಸುರಿದು ಎಂಟರ್‌ಪ್ರೈಸ್ ಹಡಗಿನ ಸೆಟ್ ಕಟ್ಟಿಸಿದವರು ಅವರು. ಕರ್ಕ್ ಆಗಿ ಅವರ ನಟನೆ ಪೇಲವ, ಕರ್ಕ್‌ನ ಕೂದಲಲ್ಲೂ ಎಲ್ವಿಸ್ ಇಣುಕುತ್ತಾನೆ. ಆದರೂ 2007ರ ‘ವರ್ಲ್ಡ್ ಎನಫ್ ಆ್ಯಂಡ್ ಟೈಮ್’ ಕಂತು ಹ್ಯೂಗೊ, ನೆಬ್ಯುಲಾ ಎರಡೂ ಪ್ರಶಸ್ತಿಗಳ ಅಂತಿಮ ಪಟ್ಟಿಗೆ ಹೋಯಿತು. ಹಡಗು ನಡೆಸುವ ಸುಲು ಬೇರೊಂದು ಲೋಕದಲ್ಲಿ ಸಿಲುಕಿ, ಹಡಗಿನವರಿಗೆ ಕ್ಷಣಗಳಷ್ಟೇ ಕಳೆಯುವಷ್ಟರಲ್ಲಿ 30 ವರ್ಷ ಕಳೆದು ಮುದುಕನಾಗಿ, ಅಲ್ಲಿ ಹುಟ್ಟಿದ ಮಗಳೊಂದಿಗೆ ಮರಳುತ್ತಾನೆ. ಮುದಿ ಸುಲು ಆಗಿ ನಟಿಸಿದವರು ಮೂಲ ನಟ ಜಾರ್ಜ್ ಟಕೈ. ಕಂತು ಹೊರಬಂದಾಗ ಅವರಿಗೆ 70. ಯುವ ಸುಲು ಉಳಿಯಬೇಕಾದರೆ ಆ 30 ವರ್ಷವೂ ಮಗಳೂ ಅಳಿದುಹೋಗಬೇಕು. ಮೂಲ ಧಾರಾವಾಹಿಯಲ್ಲಿ ಟಕೈಗೆ ಸಿಕ್ಕಿದ್ದು ಹೆಚ್ಚಾಗಿ ದಿಕ್ಕು, ವೇಗ ಒಪ್ಪಿಸುವ ಕೆಲಸ. ಅವರ ಮುಖದ ಸುಕ್ಕನ್ನು ಮರೆಮಾಚದೆ ಅದನ್ನೇ ಕಥೆಯಾಗಿಸಿದ್ದಾರೆ ನಿರ್ದೇಶಕ ಮಾರ್ಕ್ ಝಿಕ್ರಿ. ಹೀಗೆ ಮಾಡಿದ್ದಕ್ಕೆ ಮುಂದುವರಿಕೆ ಎನ್ನಬಹುದು.

‘ಕಂಟಿನ್ಯೂಸ್’ ಕೂಡ ಒಮ್ಮೆ ಹೀಗೆ ಮಾಡಿತ್ತು ಎನ್ನುವುದನ್ನು ಒಪ್ಪಬೇಕು. ಮೊದಲ ಕಂತಿನಲ್ಲಿ 1967ರ ಮೂಲ ಕಂತೊಂದರ ಅಪೊಲೊ ದೇವರನ್ನು, ಅದೇ ನಟ ಮೈಕಲ್ ಫಾರೆಸ್ಟ್ ಮೂಲಕ, ಮುದುಕನಾಗಿಯೇ ಕರೆತಂದಿತು. ಉಳಿದ ಹತ್ತಕ್ಕೆ ಆ ಪುಣ್ಯ ಸಲ್ಲದು.

ಇನ್ನು ಕಾನೂನಿನ ಗೋಳು. ‘ಆಕ್ಸನಾರ್’ ಎಂಬ ಅಭಿಮಾನಿ ಚಿತ್ರಕ್ಕೆ ಅಭಿಮಾನಿಗಳಿಂದ 10 ಲಕ್ಷ ಡಾಲರಿಗೂ ಮೀರಿ ಹಣ ಕೂಡಿತು. 2015ರ ಡಿಸೆಂಬರಿನಲ್ಲಿ ‘ಸ್ಟಾರ್ ಟ್ರೆಕ್’ನ ಹಕ್ಕುದಾರ ಕಂಪನಿಗಳಾದ ಸಿಬಿಎಸ್, ಪ್ಯಾರಾಮೌಂಟ್ ಮೊಕದ್ದಮೆ ಹೂಡಿದವು. 2016ರ ಜೂನ್‌ನಲ್ಲಿ ಅಭಿಮಾನಿ ಚಿತ್ರಗಳಿಗೆಲ್ಲ ನಿಯಮ ಬಂತು: ಒಂದು ಭಾಗ 15 ನಿಮಿಷ ಮೀರಬಾರದು, ಎರಡು ಭಾಗ ಸೇರಿ 30, ಸಂಗ್ರಹ 50,000 ಡಾಲರ್ ದಾಟಬಾರದು. ಬರೆದವರೆಲ್ಲ ನಿಮಿಷ, ಡಾಲರ್ ಹಿಡಿದು ಅತ್ತರು. 15 ನಿಮಿಷದಲ್ಲಿ ಒಳ್ಳೆಯ ಕಥೆ ಹೇಳಲು ಬಾರದವರಿಗೆ 50 ನಿಮಿಷ ಕೊಟ್ಟರೂ ಬಾರದು. ನಿಜವಾದ ಏಟು ಬೇರೆ ಕಡೆ ಬಿದ್ದಿದೆ: ‘ಸ್ಟಾರ್ ಟ್ರೆಕ್’ನಲ್ಲಿ ಹಿಂದೆ ಕೆಲಸ ಮಾಡಿದ ಯಾರೂ ಭಾಗವಹಿಸುವಂತಿಲ್ಲ. ಅಂದರೆ ಟಕೈ ಇಲ್ಲ, ಫಾರೆಸ್ಟ್ ಇಲ್ಲ. 1987ರಲ್ಲಿ ಅಧಿಕೃತ ಧಾರಾವಾಹಿ ‘ನೆಕ್ಸ್ಟ್ ಜನರೇಷನ್’ಗಾಗಿ ಬರೆದು ಚಿತ್ರೀಕರಣವಾಗದೆ ಉಳಿದಿದ್ದ ಏಡ್ಸ್ ಕಾಲದ ಕಥೆ ‘ಬ್ಲಡ್ ಆ್ಯಂಡ್ ಫೈರ್’ ಅನ್ನು ‘ನ್ಯೂ ವಾಯೇಜಸ್’ಗೆ ತಂದು ತಾವೇ ನಿರ್ದೇಶಿಸಿದ ಡೇವಿಡ್ ಜೆರಾಲ್ಡ್ ಕೂಡ ಇಲ್ಲ. ಹಳೆಯ ದೃಶ್ಯಗಳನ್ನು ಮತ್ತೆ ಕಟ್ಟುವುದನ್ನೂ ಅದೇ ನಿಯಮ ನಿಷೇಧಿಸಿದೆ. ಅದೊಂದಕ್ಕೆ ಮಾತ್ರ ಕಂಪನಿಯ ವಕೀಲರಿಗೆ ಕೈ ಮುಗಿಯಬಹುದು.

ಒಂದೇ ಸಂಜೆ ಬಿಡುವಿದ್ದವರು ‘ವರ್ಲ್ಡ್ ಎನಫ್ ಆ್ಯಂಡ್ ಟೈಮ್’ ನೋಡಲಿ, ಎರಡನೆಯ ಸಂಜೆ ಸಿಕ್ಕರೆ ‘ಬ್ಲಡ್ ಆ್ಯಂಡ್ ಫೈರ್’. ಗಡ್ಡದ ಸ್ಪಾಕ್ ಬೇಕೆನಿಸಿದರೆ 1967ರ ಕಂತನ್ನೇ ಹಾಕಿಕೊಳ್ಳಲಿ.